ನಾಯಿಗೆ ಎತ್ತಿಟ್ಟ ತುತ್ತು

ಕಳೆದ ಶ್ರಾವಣದಲ್ಲಿ ನಮ್ಮ ಕಾಲೊನಿಯ ಕಮಿಟಿಯವರು ಸಭೆ ಕರೆದಿದ್ದರು. ನೀರಿನ ಟ್ಯಾಂಕು, ಸ್ಕೂಟರು ನಿಲ್ಲಿಸುವ ಜಾಗ, ಗಣೇಶೋತ್ಸವದ ವಂತಿಗೆ ಇವೆಲ್ಲ ಮುಗಿದ ಮೇಲೆ ಕಡೆಯ ಬಾಬು ‘ನಾಯಿಗಳಿಗೆ ಅನ್ನ ಹಾಕುವ ಬಗ್ಗೆ’ ಎಂದಿತ್ತು. ಎರಡನೆಯ ಬ್ಲಾಕಿನ ಒಬ್ಬ ಮಹನೀಯರು ಎದ್ದು ನಿಂತು, ಅನ್ನ ಹಾಕುವವರಿಂದಲೇ ನಾಯಿಗಳು ಹೆಚ್ಚುತ್ತಿವೆ, ಇದೆಲ್ಲ ಈಚಿನ ಟೆಲಿವಿಷನ್ ಕಾಲದ ಶೋಕಿ, ಹಿಂದಿನವರು ಹೀಗೆಲ್ಲ ಮಾಡುತ್ತಿರಲಿಲ್ಲ ಎಂದು ಖಂಡಿತವಾಗಿ ನುಡಿದರು. ಅವರ ಮಗುವನ್ನು ಹಿಂದೊಮ್ಮೆ ನಾಯಿ ಕಚ್ಚಿ ಐದು ಸೂಜಿ ಚುಚ್ಚಿಸಬೇಕಾಗಿ ಬಂದಿತ್ತು. ಆದ್ದರಿಂದ ಅವರ ಸಿಟ್ಟನ್ನು ತಪ್ಪೆನ್ನಲು ನಮಗೆ ಬಾಯಿ ಬರಲಿಲ್ಲ. ಆದರೆ ‘ಹಿಂದಿನವರು ಮಾಡುತ್ತಿರಲಿಲ್ಲ’ ಎಂಬ ಮಾತು ಮಾತ್ರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ನಾವು ಓದಿದ್ದು ಬಿ.ಎಸ್‌ಸಿ., ಮಾಡುವುದು ಫೈಲುಗಳ ಕೆಲಸ, ಇತಿಹಾಸದ ಪಂಡಿತರಲ್ಲ. ಆದರೂ ಫೈಲು ಹುಡುಕುವ ಅಭ್ಯಾಸವಿರುವವರಿಗೆ ಹಳೆಯ ದಾಖಲೆ ಹುಡುಕುವುದು ಅಷ್ಟೇನೂ ಕಷ್ಟವಲ್ಲ. ಹಾಗೆ ಹುಡುಕಿ ಸಿಕ್ಕಿದ್ದನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ನಮ್ಮ ಸೀಮೆಯಿಂದಲೇ ಆರಂಭಿಸೋಣ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಹಳ್ಳಿ ಇದೆ. ನಮ್ಮ ತಾಯಿಯ ತವರು ಅದೇ ತಾಲ್ಲೂಕು. ಆ ಊರಿನಲ್ಲಿ ಸಿಕ್ಕ ಒಂದು ವೀರಗಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರೈಸ್ ಮತ್ತು ಫ್ಲೀಟ್ ಇಬ್ಬರೂ ಅದರ ಶಾಸನವನ್ನು ಪ್ರಕಟಿಸಿದ್ದಾರೆ. ಕಾಲ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣನು ಗಂಗರ ಇಮ್ಮಡಿ ಬೂತುಗನ ನೆರವಿನಿಂದ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಸಂದರ್ಭ. ಪಠ್ಯಪುಸ್ತಕಗಳಲ್ಲಿ ಆ ಶಾಸನಕ್ಕೆ ಸ್ಥಾನ ಸಿಕ್ಕಿರುವುದು ಈ ಯುದ್ಧದ ಕಾರಣದಿಂದ. ಆದರೆ ಕಲ್ಲನ್ನು ನೆಟ್ಟದ್ದು ರಾಜನಿಗಾಗಿ ಅಲ್ಲ, ಒಂದು ನಾಯಿಗಾಗಿ.

ಬೂತುಗನ ಕಡೆಯ ವೀರ ಮಣಲೆರ. ಅವನ ಪರಾಕ್ರಮಕ್ಕೆ ಮೆಚ್ಚಿದ ಒಡೆಯ ಬೇಕಾದ್ದನ್ನು ಬೇಡಿಕೊ ಎಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಊರು ಕೇಳಬಹುದಿತ್ತು, ಚಿನ್ನ ಕೇಳಬಹುದಿತ್ತು. ಕಾಳಿ ಒಂದು ದಿನ ಬೇಟೆಯಲ್ಲಿ ದೊಡ್ಡ ಕಾಡುಹಂದಿಯ ಮೇಲೆ ಬಿತ್ತು; ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಒಟ್ಟಿಗೆ ಸತ್ತವು. ಮಣಲೆರ ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿದ, ಕೆರೆಯ ಕೆಳಗಿನ ಗದ್ದೆಯನ್ನು ಬಿಟ್ಟುಕೊಟ್ಟ. ಕಲ್ಲಿನ ಮೇಲೆ ನಾಯಿ ಹಂದಿಗಳ ಕಾದಾಟ ಕೆತ್ತಿದೆ. ಅಕ್ಷರಗಳು ಅದರ ಸುತ್ತ ಹರಿದಿವೆ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಶಾಸನದ ಒಂದು ಷರತ್ತು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ, ಅಂದರೆ ಶೈವ ತಪಸ್ವಿ, ಈ ಕಲ್ಲಿಗೆ ಪೂಜೆ ಮಾಡದೆ ತಾನು ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಬರುತ್ತದೆ ಎಂದು ಬರೆಸಿದ್ದಾರೆ. ನಾಯಿ ಪಾಪವೇನು ಮಾಡಿರಬಹುದು ಎಂದು ಕೇಳಬೇಡಿ. ಬೇಟೆಯಲ್ಲಿ ಕೊಂದದ್ದೇ ಇರಬೇಕು. ನಾವು ಗಮನಿಸಬೇಕಾದದ್ದು ಇಷ್ಟು: ಮೊದಲು ನಾಯಿಯ ಪಾಲು, ಆಮೇಲೆ ತನ್ನ ಊಟ. ಸಾವಿರದ ಎಪ್ಪತ್ತು ವರ್ಷಗಳ ಹಿಂದೆ ಇದನ್ನು ಕಲ್ಲಿನ ಮೇಲೆ ಕನ್ನಡದಲ್ಲಿ ಬರೆದರು.

ನಮ್ಮ ತಾಯಿಗೆ ಆ ಶಾಸನ ಗೊತ್ತಿರಲಿಲ್ಲ. ಆದರೆ ಊರಿನಲ್ಲಿ ಮುದ್ದೆ ತಿರುವಿದ ಮೇಲೆ ಮೊದಲು ಒಂದು ಸಣ್ಣ ಉಂಡೆ ಕಟ್ಟಿ, ನೀರಿನಲ್ಲಿ ಅದ್ದಿ, ಹಿತ್ತಿಲ ಕಲ್ಲಿನ ಮೇಲಿಟ್ಟು ಬಂದಲ್ಲದೆ ನಮಗೆ ಬಡಿಸುತ್ತಿರಲಿಲ್ಲ. ವೈಶ್ವದೇವ ಮಾಡುವ ಮನೆಗಳಲ್ಲಿ ಶ್ಯಾಮ, ಶಬಲ ಎಂಬ ಯಮನ ಎರಡು ನಾಯಿಗಳ ಹೆಸರಿನಲ್ಲಿ ಬಲಿ ಇಡುವುದುಂಟು. ನಮ್ಮದು ಮಂತ್ರವಿಲ್ಲದ ಮನೆ. ತುತ್ತು ಮಾತ್ರ ಇತ್ತು. ಮೈಲಾರಲಿಂಗನ ಒಕ್ಕಲಿನವರಂತೂ ಇನ್ನೂ ಮುಂದೆ ಹೋಗಿದ್ದಾರೆ. ಕರಿ ಕಂಬಳಿ ಹೊದ್ದು ಡಮರುಗ ಹಿಡಿದ ಗೊರವಯ್ಯಗಳು ‘ದೋಣಿ ತುಂಬಿಸುವ’ ದಿನ ಹಾಲು, ತುಪ್ಪ, ಬಾಳೆಹಣ್ಣು, ಬೆಲ್ಲ ಕಲಸಿದ್ದಕ್ಕೆ ನಾಯಿಗಳ ಹಾಗೆ ಬೊಗಳುತ್ತ ಬಾಯಿ ಹಾಕುತ್ತಾರೆ. ದೇವರ ನಾಯಿಯಾಗುವುದು ಅವರಿಗೆ ಅವಮಾನವಲ್ಲ, ಸೇವೆ. ಪುಣೆಯಲ್ಲಿರುವ ನಮ್ಮವರು ಜೇಜುರಿಯ ಖಂಡೋಬನಲ್ಲಿಗೆ ಹೋದಾಗ ದೇವರ ಕಾಲ ಬಳಿ ಇರುವ ನಾಯಿಯನ್ನು ನೋಡಿಯೇ ಇರುತ್ತಾರೆ. ಅಲ್ಲಿನ ವಾಘ್ಯಾಗಳೂ ನಮ್ಮ ಗೊರವಯ್ಯಗಳ ದಾಯಾದಿಗಳೇ.

ಇನ್ನು ನಾವು ಬಂದು ನೆಲೆಸಿರುವ ಈ ಮುಂಬಯಿಯ ಕಥೆ. ಇಲ್ಲಿಯ ಪಾರಸಿಗಳು ಊಟಕ್ಕೆ ಕೂತಾಗ ನಾಯಿಗೆಂದು ಒಂದಿಷ್ಟು ಎತ್ತಿಡುವುದನ್ನು ಗುಜರಾತಿಯಲ್ಲಿ ‘ಕುತ್ರಾನೋ ಬೂಕ್’ ಎನ್ನುತ್ತಾರೆ, ನಾಯಿಯ ತುತ್ತು ಎಂದೇ ಅರ್ಥ. ಅವರ ಧರ್ಮಗ್ರಂಥವಾದ ವೆಂದಿದಾದಿನ 13ನೆಯ ಅಧ್ಯಾಯ ಪೂರ್ತಿ ನಾಯಿಯ ವಿಷಯ. ಕುರಿ ಕಾಯುವ ನಾಯಿಗೆ ಕೆಟ್ಟ ಆಹಾರ ಹಾಕಿದವನ ತಪ್ಪು ದೊಡ್ಡ ಮನೆಯ ಯಜಮಾನನಿಗೆ ಕೆಟ್ಟ ಊಟ ಬಡಿಸಿದಷ್ಟೇ ದೊಡ್ಡದು ಎಂದು ಅಲ್ಲಿ ಹೇಳಿದೆ. ಹಾಲು, ಕೊಬ್ಬು, ಮಾಂಸ ನಾಯಿಗೆ ತಕ್ಕ ಆಹಾರವೆಂದೂ ವಿಧಿಸಿದೆ. ಶವದ ಮುಂದೆ ನಾಯಿಯನ್ನು ತಂದು ನಿಲ್ಲಿಸುವ ‘ಸಗ್‌ದೀದ್’ ಸಂಸ್ಕಾರವೂ ಅವರಲ್ಲಿದೆ.

ಇಂಥ ಜನರಿರುವ ಊರಿನಲ್ಲಿ 1832ರಲ್ಲಿ ಕಂಪನಿ ಸರ್ಕಾರದ ಮ್ಯಾಜಿಸ್ಟ್ರೇಟರು ಬೀದಿನಾಯಿಗಳನ್ನು ಕೊಲ್ಲುವ ಅವಧಿಯನ್ನು ವಿಸ್ತರಿಸಿದರು. ತಲೆಗೆ ಎಂಟಾಣೆ ಇನಾಮು. ಇನಾಮಿಟ್ಟರೆ ಏನಾಗುತ್ತದೆಂದು ನಮ್ಮ ಇಲಾಖೆಗಳಲ್ಲಿ ಇರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾನ್‌ಸ್ಟೇಬಲ್‌ಗಳು ಮನೆಯ ಅಂಗಳಕ್ಕೆ ನುಗ್ಗಿ ಸಾಕಿದ ನಾಯಿಗಳನ್ನೂ ಹೊಡೆಯತೊಡಗಿದರು. ಜೂನ್ 6ರಂದು ಕೋಟೆಯ ಪ್ರದೇಶದಲ್ಲಿ ಪಾರಸಿಗಳು ಅವರ ಮೇಲೆ ಬಿದ್ದರು. ಮರುದಿನ ಅಂಗಡಿಗಳೆಲ್ಲ ಮುಚ್ಚಿದವು. ಹಿಂದೂಗಳು, ಜೈನರು, ಇಸ್ಮಾಯಿಲಿ ಮುಸಲ್ಮಾನರೂ ಸೇರಿಕೊಂಡರು. ಕೊಲಾಬಾದ ಸೈನಿಕರಿಗೆ ಹೋಗಬೇಕಾದ ಆಹಾರ ಸರಬರಾಜು ದಾರಿಯಲ್ಲೇ ನಿಂತಿತು. ಕಡೆಗೆ ಸೈನ್ಯವನ್ನು ಕರೆಸಿ ಗಲಭೆ ಅಡಗಿಸಿದರು, ಕೆಲವರಿಗೆ ಶಿಕ್ಷೆಯೂ ಆಯಿತು. ಆದರೆ ನಾಯಿಗಳನ್ನು ಕೊಲ್ಲುವ ಬದಲು ಊರ ಹೊರಗೆ ಸಾಗಿಸುವ ಮಾತು ಬಂದದ್ದು ಇದಾದ ಮೇಲೆಯೇ. 1834ರಲ್ಲಿ ಜಮ್ಶೆಟ್‌ಜಿ ಜೀಜೀಭಾಯ್ ಮುಂತಾದವರ ಹಣದಿಂದ ಭುಲೇಶ್ವರದ ಪಾಂಜರಪೋಳ ಹುಟ್ಟಿತು. ನಾವು ಇಷ್ಟು ವರ್ಷ ಅದರ ಮುಂದೆ ಹೂವು, ತರಕಾರಿ ಕೊಂಡು ತಂದಿದ್ದೇವೆ. ನಾಯಿಯ ಗಲಭೆಗೂ ಅದಕ್ಕೂ ಇರುವ ಸಂಬಂಧ ತಿಳಿದದ್ದು ಈಗ.

ಹಾಗಾದರೆ ನಾಯಿಗೆಂದೇ ಬೇರೆ ತಿಂಡಿ ಮಾಡುವ ಪದ್ಧತಿ ಎಂದಿನಿಂದ? ಇದಕ್ಕೂ ಉತ್ತರ ಬಲು ಹಿಂದೆ ಹೋಗುತ್ತದೆ. ರೋಮಿನ ಕೊಲುಮೆಲ್ಲಾ ಎಂಬಾತ ಕ್ರಿ.ಶ. ಒಂದನೆಯ ಶತಮಾನದಲ್ಲಿ ಬೇಸಾಯದ ಮೇಲೆ ದೊಡ್ಡ ಗ್ರಂಥ ಬರೆದ. ಅದರಲ್ಲಿ ಹಟ್ಟಿಯ ನಾಯಿಗೆ ಬಾರ್ಲಿ ಹಿಟ್ಟನ್ನು ಹಾಲೊಡೆದ ನೀರಿನಲ್ಲಿ ಕಲಸಿ ಹಾಕಬೇಕು, ಹಾಲಿಲ್ಲದ ಕಡೆ ಗೋಧಿ ಜಾತಿಯ ರೊಟ್ಟಿಯನ್ನು ಅವರೆ ಜಾತಿಯ ಕಾಳು ಬೇಯಿಸಿದ ಕಟ್ಟಿನಲ್ಲಿ ನೆನೆಸಿ ಕೊಡಬೇಕು, ಬಿಸಿಯಾಗಿ ಕೊಡಕೂಡದು ಎಂದು ಹೇಳಿದ್ದಾನೆ. ಬಸ್ಸಾರಿನ ಕಟ್ಟಿನಲ್ಲಿ ಮುದ್ದೆ ಅದ್ದಿ ಹಾಕುವ ನಮ್ಮ ಮಂಡ್ಯದ ಹೆಂಗಸರಿಗೂ ಅವನಿಗೂ ಹೆಚ್ಚು ದೂರವಿಲ್ಲ. ಬಿಸಿ ಆಹಾರದಿಂದ ಹುಚ್ಚು ಹಿಡಿಯುತ್ತದೆಂದು ಅವನು ನಂಬಿದ್ದ, ಅದು ಮಾತ್ರ ತಪ್ಪು. ಹುಚ್ಚು ಬರುವುದು ವೈರಸ್ಸಿನಿಂದ.

ಅಂಗಡಿಯ ಬಿಸ್ಕತ್ತು ಬಂದದ್ದು 1860ರ ಸುಮಾರಿಗೆ. ಅಮೆರಿಕದ ಒಹಾಯೊ ಪ್ರಾಂತದ ಜೇಮ್ಸ್ ಸ್ಪ್ರಾಟ್ ಎಂಬಾತ ಸಿಡಿಲು ತಡೆಯುವ ಕಂಬಿ ಮಾರಲು ಇಂಗ್ಲೆಂಡಿಗೆ ಬಂದಿದ್ದ. ಬಂದರಿನಲ್ಲಿ ನಾವಿಕರು ಎಸೆದ ಹಡಗಿನ ಗಟ್ಟಿ ಬಿಸ್ಕತ್ತನ್ನು ನಾಯಿಗಳು ಕಚ್ಚಾಡಿ ತಿನ್ನುವುದನ್ನು ಕಂಡು ಅವನಿಗೆ ಯೋಚನೆ ಹೊಳೆಯಿತೆಂದು ಕಥೆ ಹೇಳುತ್ತಾರೆ. ಗೋಧಿ ಹಿಟ್ಟು, ಬೀಟ್‌ರೂಟು, ತರಕಾರಿ, ಒಣಮಾಂಸ ಸೇರಿಸಿ ‘ಮೀಟ್ ಫೈಬ್ರಿನ್ ಡಾಗ್ ಕೇಕ್’ ಎಂದು ಹೆಸರಿಟ್ಟು ಬೇಟೆನಾಯಿ ಸಾಕುವ ಶ್ರೀಮಂತರಿಗೆ ಮಾರಿದ. ಮಾಂಸ ಯಾವ ಪ್ರಾಣಿಯದು, ಎಲ್ಲಿಯದು ಎಂಬುದನ್ನು ಗುಟ್ಟಾಗಿಯೇ ಇಟ್ಟ. ಅವನ ಕಂಪನಿಯಲ್ಲಿ ಕೆಲಸಕ್ಕಿದ್ದ ಚಾರ್ಲ್ಸ್ ಕ್ರಫ್ಟ್ 1891ರಲ್ಲಿ ತನ್ನ ಹೆಸರಿನ ನಾಯಿ ಪ್ರದರ್ಶನ ಆರಂಭಿಸಿದ, ಅದು ಇಂದಿಗೂ ನಡೆಯುತ್ತಿದೆ. ನ್ಯೂಯಾರ್ಕಿನ ಬೆನೆಟ್ ಕಂಪನಿ 1908ರಲ್ಲಿ ಹಾಲು ಸೇರಿಸಿದ, ಮೂಳೆಯ ಆಕಾರದ ಬಿಸ್ಕತ್ತು ತಂದಿತು. ಆಮೇಲೆ ಡಬ್ಬಿ, ಪೊಟ್ಟಣ, ಜಾಹೀರಾತು. ಮನೆಯಲ್ಲಿ ಉಳಿದದ್ದನ್ನು ಹಾಕುವುದು ಅನಾಗರಿಕ ಎಂದು ಎರಡು ತಲೆಮಾರಿಗೆ ನಂಬಿಸಿದ್ದು ಆ ಜಾಹೀರಾತುಗಳೇ.

ಹಾಗೆಂದು ಮನೆಯದೆಲ್ಲ ಅಮೃತವೇನಲ್ಲ. ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ತಾಯಿ ಊರಿನಿಂದ ನಮ್ಮಲ್ಲಿಗೆ ಬಂದ ವರ್ಷ ಕಾಲೊನಿಯ ಒಂದು ಕರಿ ನಾಯಿಗೆ ಅನ್ನ ಹಾಕಲು ಆರಂಭಿಸಿದರು. ಎಲ್ಲರೂ ‘ಕಾಲೂ’ ಎಂದರೆ ಅವರು ‘ಕರಿಯ’ ಎನ್ನುತ್ತಿದ್ದರು. ಅದಕ್ಕೆ ಎರಡು ಭಾಷೆಯೂ ಬರುತ್ತಿತ್ತು. ಒಂದು ಯುಗಾದಿಗೆ ನಾವು ಪ್ರೀತಿಯಿಂದ ತಟ್ಟೆ ತುಂಬ ಕೇಸರಿಬಾತು ಹಾಕಿದೆವು, ದ್ರಾಕ್ಷಿ ಢಾಳಾಗಿ ಬಿದ್ದದ್ದು. ಸಂಜೆಗೆ ವಾಂತಿ, ಮರುದಿನ ಎದ್ದೇ ಇಲ್ಲ. ಟ್ಯಾಕ್ಸಿಯಲ್ಲಿ ಹಾಕಿಕೊಂಡು ಪಶುವೈದ್ಯರಲ್ಲಿಗೆ ಓಡಿದೆವು. ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತದೆ, ಚಾಕೊಲೇಟಿನ ಥಿಯೋಬ್ರೊಮಿನ್ ಅದರ ಹೃದಯಕ್ಕೆ ಕೇಡು, ಈರುಳ್ಳಿ ಬೆಳ್ಳುಳ್ಳಿ ರಕ್ತಕಣಗಳನ್ನು ಒಡೆಯುತ್ತವೆ ಎಂದು ಅವರು ಬೈದು ಹೇಳಿದರು. ಬಿ.ಎಸ್‌ಸಿ. ಓದಿದವರಿಗೆ ಇಷ್ಟೂ ತಿಳಿಯದೆ ಎಂದು ನಾಚಿಕೆಯಾಯಿತು. ನಾಲ್ಕು ದಿನ ಡ್ರಿಪ್ ಹಾಕಿದರು. ಆ ನಾಲ್ಕು ದಿನವೂ ತಾಯಿ ರಾತ್ರಿಯ ಊಟ ಬಿಟ್ಟಿದ್ದರು. ನಮಗೊಂದು ಮಾತೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚಿತು. ಕರಿಯ ಬದುಕಿಕೊಂಡ.

ಅಂದಿನಿಂದ ಅವರೇ ನಿಂತು ಮಾಡಿಸಿದ ತಿಂಡಿ ಇದು. ಎರಡು ಬಟ್ಟಲು ರಾಗಿಹಿಟ್ಟು, ಒಂದು ಬಟ್ಟಲು ಗೋಧಿಹಿಟ್ಟು, ಬೇಯಿಸಿ ಕಿವುಚಿದ ಸಿಹಿಗುಂಬಳ ಒಂದು ಬಟ್ಟಲು, ಒಂದು ಚಮಚ ಎಣ್ಣೆ. ಮೊಟ್ಟೆ ತಿನ್ನುವ ಮನೆಯಾದರೆ ಒಂದು ಮೊಟ್ಟೆ. ಉಪ್ಪು, ಬೆಲ್ಲ, ಒಗ್ಗರಣೆ ಏನೂ ಬೇಡ. ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ದಪ್ಪನೆ ಲಟ್ಟಿಸಿ, ಶಂಕರಪೋಳಿಯಂತೆ ಕತ್ತರಿಸಿ, ಕಾವಲಿಯ ಮೇಲೆ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಎರಡೂ ಕಡೆ ಬೇಯಿಸಬೇಕು. ಒಲೆ ಆರಿಸಿದ ಮೇಲೂ ಅದರ ಮೇಲೆಯೇ ಬಿಟ್ಟರೆ ಗರಿಗರಿಯಾಗುತ್ತದೆ. ಆರಿದ ಮೇಲೆ ಡಬ್ಬಿಗೆ ಹಾಕಿ ಐದಾರು ದಿನದಲ್ಲಿ ಮುಗಿಸಬೇಕು. ಮುಂಬಯಿಯ ಮಳೆಗಾಲದಲ್ಲಿ ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಇದು ತಿಂಡಿ ಮಾತ್ರ, ದಿನಕ್ಕೆ ನಾಲ್ಕೈದು ಸಾಕು, ಊಟಕ್ಕೆ ಬದಲಲ್ಲ.

ನಾಯಿಗೆ ರಾಗಿಯೇ, ಅದು ಮಾಂಸಾಹಾರಿಯಲ್ಲವೇ ಎಂದು ಕೇಳುವವರುಂಟು. ಇದಕ್ಕೆ 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಒಳ್ಳೆಯ ಉತ್ತರ ಕೊಟ್ಟಿದ್ದಾರೆ. ಪಿಷ್ಟ ಅರಗಿಸುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ ಎರಡೇ ಪ್ರತಿ ಇದ್ದರೆ ನಾಯಿಯಲ್ಲಿ 4ರಿಂದ 30ರವರೆಗೆ ಇವೆ. ಅಂದರೆ ಬೇಸಾಯಗಾರರ ಮನೆಯ ಮುಂದೆ ಅವರ ಹಿಟ್ಟಿನ ತುತ್ತು ತಿನ್ನುತ್ತ ತಿನ್ನುತ್ತ ತೋಳದ ಸಂತಾನದ ಹೊಟ್ಟೆಯೇ ಬದಲಾಯಿತು. ಎರಡನೆಯ ಬ್ಲಾಕಿನ ಮಹನೀಯರು ಹೇಳಿದ ‘ಹಿಂದಿನವರು’ ತುತ್ತು ಹಾಕಿದ್ದಕ್ಕೆ ಇದಕ್ಕಿಂತ ಹಳೆಯ ಶಾಸನ ಬೇಕಿಲ್ಲ, ಅದು ನಾಯಿಯ ರಕ್ತದಲ್ಲೇ ಇದೆ.

ಸಭೆಯಲ್ಲಿ ಇಷ್ಟೆಲ್ಲ ಹೇಳಲು ಸಮಯವಿರಲಿಲ್ಲ. ಆತಕೂರಿನ ಕಾಳಿಯ ಕಥೆ ಹೇಳಿದೆವು, ಪಾರಸಿ ಗಲಭೆಯ ಕಥೆಯನ್ನು ಒಂದು ಗುಜರಾತಿ ಕುಟುಂಬದವರು ಪೂರ್ತಿ ಮಾಡಿದರು. ಕೇಂದ್ರ ಸರ್ಕಾರದ 2023ರ ನಿಯಮಗಳ ಪ್ರತಿಯನ್ನೂ ಒಯ್ದಿದ್ದೆವು. ಮಕ್ಕಳು ಆಡುವ ಜಾಗ, ಮೆಟ್ಟಿಲು, ಬಾಗಿಲುಗಳಿಂದ ದೂರ ಒಂದು ಸ್ಥಳ ಗೊತ್ತುಮಾಡಿ ಅಲ್ಲಿ ಅನ್ನ ಹಾಕಬೇಕೆಂದು ಅದರಲ್ಲಿದೆ. ಎಲ್ಲ ನಾಯಿಗಳಿಗೂ ವರ್ಷಕ್ಕೊಮ್ಮೆ ಹುಚ್ಚಿನ ಲಸಿಕೆ ಹಾಕಿಸುವ ಖರ್ಚನ್ನು ಅನ್ನ ಹಾಕುವವರೇ ಭರಿಸುವುದೆಂದೂ, ಪಂಪ್‌ಹೌಸಿನ ಹಿಂದಿನ ಕಟ್ಟೆಯೇ ಆ ಸ್ಥಳವೆಂದೂ ತೀರ್ಮಾನವಾಯಿತು. ಎರಡನೆಯ ಬ್ಲಾಕಿನವರು ಪರವಾಗಿ ಕೈ ಎತ್ತಲಿಲ್ಲ, ವಿರೋಧಿಸಲೂ ಇಲ್ಲ.

ತಾಯಿ ಈ ಸಭೆಗೆ ಎರಡು ತಿಂಗಳ ಮುಂಚೆ ತೀರಿಕೊಂಡಿದ್ದರು. ಕರಿಯನಿಗೆ ಪಂಪ್‌ಹೌಸಿನ ನಿರ್ಣಯ ತಿಳಿಯುವಂತಿರಲಿಲ್ಲ. ರಾತ್ರಿ ಎಂಟೂವರೆಗೆ ಮೂರನೆಯ ಮಹಡಿ ಹತ್ತಿ ಬಂದು ಅವರು ತುತ್ತಿಡುತ್ತಿದ್ದ ಹೊಸ್ತಿಲ ಹೊರಗೆ ಕೂರುತ್ತಿತ್ತು. ಒಂದು ವಾರ ಡಬ್ಬಿ ಅಲ್ಲಾಡಿಸುತ್ತ ಅದನ್ನು ಕೆಳಗೆ ಕರೆದುಕೊಂಡು ಹೋಗಬೇಕಾಯಿತು. ಈಗ ಅದು ನೇರವಾಗಿ ಕಟ್ಟೆಗೇ ಬರುತ್ತದೆ. ನಾವು ಕೆಳಗಿಳಿದು ಹೋಗಿ ಹಾಕಿ ಬಂದ ಮೇಲೆ ಮನೆಯಲ್ಲಿ ತಟ್ಟೆ ಹಾಕುತ್ತಾರೆ.