ಅಪ್ಪನ ಟ್ರ್ಯಾಕ್ಟರಿನ ವಂಶಾವಳಿ

ಮೇಸ್ತ್ರಿ ಡ್ರೈನ್ ಬೋಲ್ಟನ್ನು ಪೂರ್ತಿ ಬಿಚ್ಚಲಿಲ್ಲ. ಎರಡು ಸುತ್ತು ಸಡಿಲ ಮಾಡಿ, ಕೆಳಗೆ ಹಳೆಯ ಡಬ್ಬ ಹಿಡಿದು ಕಾದರು. ಮೊದಲು ಬಂದದ್ದು ಆಯಿಲ್ ಅಲ್ಲ, ನೀರು. ಅರ್ಧ ಲೋಟದಷ್ಟು ನೀರು ಸುರಿದ ಮೇಲೆ, ಹಾಲು ಜಾಸ್ತಿಯಾದ ಚಹಾದ ಬಣ್ಣದಲ್ಲಿ ಆಯಿಲ್ ಇಳಿಯತೊಡಗಿತು.

“ಸ್ಟಾರ್ಟ್ ಮಾಡಿಲ್ಲ ಹೌದಲ್ರೀ ಮೇಷ್ಟ್ರೇ?”

ಮಾಡಿರಲಿಲ್ಲ. ಬೇರೊಂದು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದಿದ್ದೆವು. ಸ್ಟಾರ್ಟ್ ಮಾಡಿದ್ದರೆ ಬೇರಿಂಗೂ ಹೋಗುತ್ತಿತ್ತು ಎಂದರು.

ತಪ್ಪು ನಮ್ಮದೇ. ಅಪ್ಪನ ಮೊಣಕಾಲು ಕೈಕೊಟ್ಟ ಮೇಲೆ ಆರು ವರ್ಷ ಅದು ಕೊಟ್ಟಿಗೆಯ ಪಕ್ಕದಲ್ಲಿ ನಿಂತೇ ಇತ್ತು. ರೇಡಿಯೇಟರಿನಲ್ಲಿ ಬೋರ್‌ವೆಲ್ ನೀರು ಹಾಗೇ ಉಳಿದಿತ್ತು. ಈ ಇಂಜಿನ್ನಿನ ಲೈನರುಗಳು, ಅಂದರೆ ಪಿಸ್ಟನ್ ಓಡಾಡುವ ಕೊಳವೆಗಳು, ಹೊರಮೈಯಲ್ಲಿ ನೇರ ನೀರಿಗೇ ತಾಗಿಕೊಂಡಿರುತ್ತವೆ. ಆ ನೀರು ಕೆಳಗಿನ ಆಯಿಲಿಗೆ ಇಳಿಯದಂತೆ ತಡೆಯುವುದು ಲೈನರಿನ ಬುಡದ ರಬ್ಬರ್ ರಿಂಗು. ಅದು ಒಣಗಿ ಗಟ್ಟಿಯಾಗಿ ಬಿರಿದಿತ್ತು. ಗುಜರಿಯವನು ನಲವತ್ತು ಸಾವಿರಕ್ಕೆ ಕೇಳಿದ್ದ. ಮೇಸ್ತ್ರಿ ಹೇಳಿದ ರಿಪೇರಿ ಖರ್ಚು ಮೂವತ್ತೆಂಟು ಸಾವಿರ. ಲೆಕ್ಕ ಬಲ್ಲವರು ಯಾರಾದರೂ ಏನು ಮಾಡಬೇಕೋ ಅದನ್ನೇ ನಾನೂ ಹೇಳಿದೆ. ಎಪ್ಪತ್ತೆಂಟರ ಅಪ್ಪ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ.

ಹಾಗಾಗಿ ರಿಪೇರಿ. ದಾವಣಗೆರೆಯ ಆ ಗ್ಯಾರೇಜಿನಲ್ಲಿ ನನಗೆ ಮಾಡಲು ಕೆಲಸವಿರಲಿಲ್ಲ. ಡಿಗ್ರಿ ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಇತಿಹಾಸ ಪಾಠ ಮಾಡುತ್ತಿದ್ದೇನೆ. ಪಂಚವಾರ್ಷಿಕ ಯೋಜನೆ, ಹಸಿರು ಕ್ರಾಂತಿ ಎಂದು ನೋಟ್ಸ್ ಬರೆಸಿದ್ದೇನೆ. ಆದರೆ ಮನೆಯ ಟ್ರ್ಯಾಕ್ಟರಿನ ಮೇಲಿನ ಹೆಸರನ್ನು ಅಂದು ಬೇಸಿಗೆಯ ಮಧ್ಯಾಹ್ನ ಸ್ಟೂಲಿನ ಮೇಲೆ ಕೂತು ಮೊದಲ ಸಲ ಗಮನವಿಟ್ಟು ಓದಿದೆ. ಎಚ್‌ಎಂಟಿ 2511. ಮೇಸ್ತ್ರಿಯ ಬಾಯಲ್ಲಿ ಅದು ಎಚ್‌ಎಂಟಿಯಲ್ಲ, ‘ಜೀಟರ್’.

ಜೀಟರ್ ಅಂದರೆ ಚೆಕೊಸ್ಲೊವಾಕಿಯಾದ ಬ್ರನೋ ಊರಿನ ಟ್ರ್ಯಾಕ್ಟರು. ಅದನ್ನು ಮಾಡಿದ್ದು ಬಂದೂಕಿನ ಕಾರ್ಖಾನೆ, ಹೆಸರು ಝ್ಬ್ರೊಯೊವ್ಕಾ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯದ, ಅದರ ಜೊತೆ ಭಾರತೀಯ ಸೈನಿಕರ ಹೆಗಲ ಮೇಲಿದ್ದ ಬ್ರೆನ್ ಗನ್ನಿನ ಮೂಲ ವಿನ್ಯಾಸ ಇಲ್ಲಿಯದೇ. ಬ್ರನೋದ ಮೊದಲೆರಡು ಅಕ್ಷರ, ಇಂಗ್ಲೆಂಡಿನ ಎನ್‌ಫೀಲ್ಡಿನ ಮೊದಲೆರಡು ಅಕ್ಷರ ಸೇರಿ ‘ಬ್ರೆನ್’. ಯುದ್ಧ ಮುಗಿದ ಕೂಡಲೇ ಅದೇ ಕಾರ್ಖಾನೆ ಟ್ರ್ಯಾಕ್ಟರಿಗೆ ಕೈಹಾಕಿತು. 1945ರ ಕೊನೆಗೆ ಮಾದರಿ ಸಿದ್ಧವಾಯಿತು, 1946ರಲ್ಲಿ ಮಾರಾಟಕ್ಕೆ ಬಂತು. ಹೆಸರು ಜೀಟರ್ 25. ಎರಡು ಸಿಲಿಂಡರು, ಸುಮಾರು 25 ಅಶ್ವಶಕ್ತಿ. ಕಾರ್ಖಾನೆಯ ಹೆಸರಿನ ‘ಝೆಟ್’ ಅಕ್ಷರಕ್ಕೆ ಟ್ರ್ಯಾಕ್ಟರಿನ ಬಾಲವನ್ನು ಅಂಟಿಸಿದರೆ ಜೀಟರ್.

ನಮ್ಮ ಗ್ಯಾರೇಜಿಗೆ ಸಂಬಂಧಿಸಿದ ಸಂಗತಿ ನಡೆದದ್ದು ಅದಾದ ಹದಿನೈದು ವರ್ಷಕ್ಕೆ. 1960ರ ಆಸುಪಾಸಿನಲ್ಲಿ ಬ್ರನೋದವರು ಒಂದು ಹೊಸ ಸರಣಿ ತಂದರು. ಸಣ್ಣ ಟ್ರ್ಯಾಕ್ಟರಿಗೆ ಎರಡು ಸಿಲಿಂಡರು, ನಡುವಿನದಕ್ಕೆ ಮೂರು, ದೊಡ್ಡದಕ್ಕೆ ನಾಲ್ಕು. ಒಳಗಿನ ಭಾಗಗಳು ಮಾತ್ರ ಆದಷ್ಟೂ ಒಂದೇ. ಸಣ್ಣದಕ್ಕೊಂದು ಪಿಸ್ಟನ್, ದೊಡ್ಡದಕ್ಕೊಂದು ಎಂದು ಬೇರೆ ಬೇರೆ ಎರಕ ಹೊಯ್ಯುವುದು ಬೇಡ ಎನ್ನುವ ಲೆಕ್ಕ. ‘ಏಕೀಕೃತ ಸರಣಿ’ ಎಂದೇ ಅದರ ಹೆಸರು. ಅಪ್ಪನ 2511 ಆ ದಶಕದ ಕೊನೆಯಲ್ಲಿ ಬಂದ ಅದೇ ವಂಶದ ಸುಧಾರಿತ ಕುಡಿ.

ಅದು ಭಾರತಕ್ಕೆ ಬಂದ ಕಥೆಯಲ್ಲಿ ಪಠ್ಯಪುಸ್ತಕದಲ್ಲಿಲ್ಲದ ಒಂದು ಜಗಳವಿದೆ. ಗುಜರಾತಿನ ಬರೋಡಾದಲ್ಲಿ 1963ರಲ್ಲೇ ಜೆಕ್ ಸಹಯೋಗದ ಟ್ರ್ಯಾಕ್ಟರು ಶುರುವಾಗಿತ್ತು. ಆದರೆ ಸಣ್ಣ ರೈತನಿಗೆ ಸುಮಾರು 20 ಅಶ್ವಶಕ್ತಿಯದೊಂದು ಬೇಕು, ಅದು ನಮ್ಮದೇ ವಿನ್ಯಾಸದ್ದಾಗಿರಲಿ ಎಂದು ದುರ್ಗಾಪುರದ ಕೇಂದ್ರ ಸರ್ಕಾರಿ ಸಂಶೋಧನಾಲಯದಲ್ಲಿ ಮನಮೋಹನ ಸೂರಿಯವರ ನೇತೃತ್ವದಲ್ಲಿ ಎಂಜಿನಿಯರುಗಳು 1960ರ ದಶಕದ ನಡುವಿನಲ್ಲಿ ಕೆಲಸ ಹಿಡಿದರು. ‘ಸ್ವರಾಜ್’ ಎಂಬ ಹೆಸರೇ ಸಾಕು, ಮನಸ್ಸಿನಲ್ಲಿ ಏನಿತ್ತೆಂದು ತಿಳಿಯಲು. ಕೇಂದ್ರ ಸರ್ಕಾರ ಮಾತ್ರ ಎಚ್‌ಎಂಟಿಗೆ ಜೀಟರಿನ ಸಣ್ಣ ಟ್ರ್ಯಾಕ್ಟರನ್ನೇ ಮಾಡಲು ಹೇಳಿತು. ಮನೆಯ ಕೂಸನ್ನು ಬಿಟ್ಟು ದತ್ತು ತಂದ ಹಾಗೆ. ಆಮೇಲೆ ಪಂಜಾಬ್ ರಾಜ್ಯ ಸ್ವರಾಜನ್ನು ಕೈಗೆತ್ತಿಕೊಂಡಿತು, 1974ರಲ್ಲಿ ಅದು ಮಾರುಕಟ್ಟೆಗೆ ಬಂತು. ಇವತ್ತಿಗೂ ಆ ಹೆಸರಿನ ಟ್ರ್ಯಾಕ್ಟರು ನಮ್ಮ ರಸ್ತೆಗಳಲ್ಲಿದೆ.

ಕೇಂದ್ರದ ಆ ತೀರ್ಮಾನ ತಪ್ಪು ಎಂದೇ ನನ್ನ ಅಭಿಪ್ರಾಯ. ತರಗತಿಯಲ್ಲಾದರೆ ಖಾರವಾಗಿಯೇ ಹೇಳುತ್ತೇನೆ. ಅಂದು ಸ್ಟೂಲಿನ ಮೇಲೆ ಕೂತು ಹೇಳಲು ಬಾಯಿ ಬರಲಿಲ್ಲ. ಆ ತಪ್ಪಿನ ಫಲವೇ ಕಣ್ಣೆದುರು ಬಿಚ್ಚಿಕೊಂಡು ಬಿದ್ದಿತ್ತು. ನಾನು ಓದಿದ್ದು ಅದು ದುಡಿದ ದುಡ್ಡಿನಲ್ಲಿ.

ಎಚ್‌ಎಂಟಿ ನಮ್ಮ ಬೆಂಗಳೂರಿನದು. 1953ರಲ್ಲಿ ಜಾಲಹಳ್ಳಿಯಲ್ಲಿ ಸ್ವಿಸ್ ನೆರವಿನಿಂದ ಯಂತ್ರ ಮಾಡುವ ಯಂತ್ರಗಳಿಗಾಗಿ ಹುಟ್ಟಿ, ಆಮೇಲೆ ಜಪಾನಿನ ಸಿಟಿಜನ್ ಜೊತೆ ಸೇರಿ ಗಡಿಯಾರಕ್ಕೆ ಇಳಿಯಿತು. ಟ್ರ್ಯಾಕ್ಟರು ಮಾತ್ರ ಹರಿಯಾಣದ ಪಿಂಜೋರಿನಲ್ಲಿ, 1971ರಿಂದ. ಅಪ್ಪ ಇದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು 1986ರಲ್ಲಿ. ಭದ್ರಾ ಕಾಲುವೆಯ ಭತ್ತದ ಗದ್ದೆಗೆ ಕೇಜ್ ವೀಲ್ ಹಾಕಿ ಇಳಿಸಿದರೆ ದೊಡ್ಡ ಟ್ರ್ಯಾಕ್ಟರು ಹೂತುಕೊಳ್ಳುವ ಕಡೆ ಇದು ದಾಟಿ ಬರುತ್ತಿತ್ತು. ಆಗ ಅಪ್ಪನ ಕೈಗಡಿಯಾರವೂ ಎಚ್‌ಎಂಟಿಯೇ.

ಪಿಂಜೋರಿನ ಟ್ರ್ಯಾಕ್ಟರ್ ಘಟಕವನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರಲ್ಲಿ ಒಪ್ಪಿತು. ಚೆಕೊಸ್ಲೊವಾಕಿಯಾ ಎಂಬ ದೇಶವೇ 1993ರ ಜನವರಿ 1ರಿಂದ ಇಲ್ಲ. ನನ್ನ ಭಯ ಇದ್ದದ್ದು ಇದೇ. ಲೈನರು ಎಲ್ಲಿ ತರುವುದು?

ಮೇಸ್ತ್ರಿ ನಕ್ಕರು. ಹುಡುಗನ ಕೈಗೆ ಚೀಟಿ ಕೊಟ್ಟು ಕಳಿಸಿದರು. ಅವನು ಚಹಾ ತಣ್ಣಗಾಗುವುದರೊಳಗೆ ಎರಡು ಡಬ್ಬ ಹಿಡಿದು ಬಂದ. ರಾಜ್‌ಕೋಟಿನ ಮಾಲು. “ಮೂರು ಸಿಲಿಂಡರಿನ ಜೀಟರ್‌ಗೂ ಇದೇ ಲೈನರ್ ರೀ. ಅವಕ್ಕೆ ಮೂರು ಬೇಕು, ನಿಮಗೆ ಎರಡು ಸಾಕು. ಗಾಡಿ ಕಮ್ಮಿ ಆದ್ರೂ ಮಾಲು ನಿಲ್ಲಲ್ಲ.” ಕೈಯಲ್ಲಿ ಹಿಡಿದು ಹಳೆಯದರ ಪಕ್ಕ ಇಟ್ಟು ನೋಡಿದೆ. ಹಳೆಯದರ ಹೊರಮೈ ತುಂಬ ತುಕ್ಕಿನ ಗುಳಿಗಳು. ಅಳತೆ ಮಾತ್ರ ಒಂದೇ. ಬ್ರನೋದಲ್ಲಿ ಯಾರೋ ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತು ಉಳಿತಾಯಕ್ಕೆಂದು ತೆಗೆದುಕೊಂಡ ತೀರ್ಮಾನ, ದಾವಣಗೆರೆಯ ಬಿಡಿಭಾಗದ ಅಂಗಡಿಯ ಅಟ್ಟದ ಮೇಲೆ ಅಪ್ಪನಿಗಾಗಿ ಕಾದು ಕೂತಿತ್ತು.

ಹಳೆಯ ಲೈನರು ಸುಲಭಕ್ಕೆ ಹೊರಗೆ ಬಂದಿರಲಿಲ್ಲ. ಅದನ್ನು ಎಳೆಯುವ ಪುಲ್ಲರಿಗೆ ಒಂದು ದಪ್ಪ ಬಿಲ್ಲೆಯನ್ನು ಲೈನರಿನ ಅಳತೆಗೆ ಕಡೆಯಬೇಕಾಯಿತು. ಗ್ಯಾರೇಜಿನ ಮೂಲೆಯಲ್ಲಿದ್ದ ಲೇತ್ ಮೈಸೂರು ಕಿರ್ಲೋಸ್ಕರ್‌ನದು. ಪಕ್ಕದ ಹರಿಹರದಲ್ಲಿ, 1941ರಲ್ಲಿ ಶುರುವಾಗಿ ಈಗ ಮುಚ್ಚಿರುವ ಕಾರ್ಖಾನೆಯಲ್ಲಿ ಆದದ್ದು. ನಿಂತುಹೋದ ಕಾರ್ಖಾನೆಯ ಲೇತು, ನಿಂತುಹೋದ ಕಾರ್ಖಾನೆಯ ಟ್ರ್ಯಾಕ್ಟರಿಗೆ ಬಿಲ್ಲೆ ಕಡೆಯುತ್ತಿತ್ತು. ಮೇಸ್ತ್ರಿಗೆ ಇದರಲ್ಲಿ ಸೋಜಿಗವೇನೂ ಕಾಣಲಿಲ್ಲ. ಲೇತಿನ ಬೆಲ್ಟು ಜಾರುತ್ತಿದೆ ಎಂದು ಬೈಯುತ್ತಿದ್ದರು.

ಹದಿಮೂರನೇ ದಿನ ಇಂಜಿನ್ ಕೂಡಿಸಿದರು. ಹೊಸ ಪಿಸ್ಟನ್, ರಿಂಗು, ಹೆಡ್ ಗ್ಯಾಸ್ಕೆಟ್. ಬಿಲ್ಲು ನಲವತ್ತೊಂದು ಸಾವಿರ, ಗುಜರಿಯ ಬೆಲೆಯನ್ನೂ ದಾಟಿತು. ಅಪ್ಪನನ್ನು ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ. ಮೊದಲ ಸಲ ಸೆಲ್ಫ್ ಹೊಡೆದಾಗ ಬರೀ ಗರಗರ. ಡೀಸೆಲ್ ಪೈಪಿನ ಗಾಳಿ ತೆಗೆದು ಮತ್ತೆ ಹೊಡೆದರು. ಕರಿ ಹೊಗೆ ಉಗುಳಿ, ಎರಡು ಸಿಲಿಂಡರಿನ ಆ ಕುಂಟು ತಾಳ ಶುರುವಾಯಿತು. ಅಪ್ಪ ಏನೂ ಹೇಳದೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತರು. “ಯಜಮಾನ್ರೇ, ಬಿಸಿ ಐತಿ, ಹುಷಾರು,” ಎಂದು ಮೇಸ್ತ್ರಿ ಕೂಗಿದ್ದು ಅವರಿಗೆ ಕೇಳಿಸಿತೋ ಇಲ್ಲವೋ.

ಊರಿಗೆ ತಂದ ಮೂರನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಕೊಟ್ಟಿಗೆಯ ಬಳಿ ಕುಕ್ಕರಗಾಲಲ್ಲಿ ಕೂತಿದ್ದರು, ಆ ಮೊಣಕಾಲಿನಲ್ಲಿ. ಕೈಯಲ್ಲಿ ಸ್ಪ್ಯಾನರು, ಕೆಳಗೆ ಲೋಟ. ಡ್ರೈನ್ ಬೋಲ್ಟನ್ನು ಎರಡೇ ಸುತ್ತು ಸಡಿಲಿಸಿದ್ದರು. ಬಂದ ಹನಿಯನ್ನು ಬೆರಳ ತುದಿಯಲ್ಲಿ ತಿಕ್ಕಿ, ಬೆಳಕಿಗೆ ಹಿಡಿದರು.

“ನೀರಿಲ್ಲ ಕಣೋ,” ಎಂದು ಬೋಲ್ಟು ಬಿಗಿಯತೊಡಗಿದರು.