ಅಳತೆ, ಮಾತು ಮತ್ತು ಗಿರಾಕಿ: ರಾಯಚೂರು ಸೀಮೆಯ ಅಂಗಡಿಗಳ ಇತಿಹಾಸದಿಂದ

ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಆಚಾರ್ಯ ಉಮಾಸ್ವಾತಿಗಳು ಕನ್ನಗಳ್ಳನ ವಿಷಯಕ್ಕಿಂತ ಅಂಗಡಿಕಾರನ ವಿಷಯಕ್ಕೇ ಹೆಚ್ಚು ಗಮನ ಕೊಟ್ಟಂತಿದೆ. ತೂಕದ ಕಲ್ಲನ್ನು ಹೆಚ್ಚುಕಡಿಮೆ ಮಾಡುವ ಹೀನಾಧಿಕಮಾನೋನ್ಮಾನ, ಒಳ್ಳೆಯ ವಸ್ತುವಿನಲ್ಲಿ ಕೀಳು ವಸ್ತುವನ್ನು ಬೆರೆಸುವ ಪ್ರತಿರೂಪಕ ವ್ಯವಹಾರ, ರಾಜ್ಯದ ಕಟ್ಟಳೆಯನ್ನು ತಪ್ಪಿಸಿ ಸರಕು ಸಾಗಿಸುವ ವಿರುದ್ಧರಾಜ್ಯಾತಿಕ್ರಮ, ಈ ಮೂರೂ ಸಂತೆಯಲ್ಲಿ ನಡೆಯುವಂಥವು. ಸತ್ಯಾಣುವ್ರತದ ಅತಿಚಾರಗಳಲ್ಲಿ ಬರುವ ಕೂಟಲೇಖಕ್ರಿಯೆಯೂ, ಅಂದರೆ ಸುಳ್ಳು ಲೆಕ್ಕ ಬರೆಯುವುದೂ, ವರ್ತಕನ ಗಾದಿಯ ಮೇಲೆಯೇ ಆಗತಕ್ಕದ್ದು. ಗಿರಾಕಿಗೆ ಯಾವ ಅಂಗಡಿ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬ ಪ್ರಶ್ನೆಯನ್ನು ಈಚಿನ ದಿನಗಳಲ್ಲಿ ನಗುಮುಖ, ತಂಪು ಗಾಳಿ, ಬೆಳಕಿನ ಅಲಂಕಾರಗಳ ಮಾತಿನಲ್ಲಿ ಚರ್ಚಿಸುವುದುಂಟು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಇತಿಹಾಸವನ್ನು ನೋಡಿದರೆ ಈ ಪ್ರಶ್ನೆಗೆ ಬೇರೆಯೇ ಆಳವಿದೆ.

ಮಸ್ಕಿಯ ಹೆಸರು ಜಗತ್ತಿಗೆ ತಿಳಿದದ್ದು 1915ರಲ್ಲಿ. ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಅಲ್ಲಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು ಕಂಡ. ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರೂ ಇರುವ ಶಾಸನ ಮೊದಲು ದೊರೆತದ್ದು ಅಲ್ಲಿಯೇ. ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಾಧ್ಯ ಎಂಬುದು ಆ ಶಾಸನದ ತಾತ್ಪರ್ಯ. ಲಿಂಗಸುಗೂರು ಹೈದರಾಬಾದ್ ಕಂಟಿಂಜೆಂಟ್ ಸೇನೆಯ ಛಾವಣಿಯಾಗಿತ್ತು. 1905ರವರೆಗೆ ಜಿಲ್ಲೆಯ ಕೇಂದ್ರವೂ ಆಗಿತ್ತು. ರಾಯಚೂರಿಗೆ 1871ರಲ್ಲಿಯೇ ರೈಲು ಬಂದರೂ ಈ ಮೂರು ಊರುಗಳಿಗೆ ಸರಕು ಬರುತ್ತಿದ್ದುದು ಬಂಡಿಯ ಮೇಲೆ. ಎಲ್ಲಿ ಸರಕು ವಿರಳವೋ ಅಲ್ಲಿ ಗಿರಾಕಿಗೆ ಆಯ್ಕೆಯೂ ವಿರಳ.

ಆ ಕಾಲದ ಗಿರಾಕಿಯ ಮೊದಲ ಕಷ್ಟ ನಾಣ್ಯದ್ದು. ತುಂಗಭದ್ರೆಯ ಆಚೆ ಬಳ್ಳಾರಿ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಈಚೆಯದು ನಿಜಾಮನ ರಾಜ್ಯ. ಆಚೆ ಚಲಿಸುತ್ತಿದ್ದುದು ಬ್ರಿಟಿಷ್ ಸರಕಾರದ ಕಲ್ದಾರ್ ರೂಪಾಯಿ, ಈಚೆ ಹಾಲಿ ಸಿಕ್ಕಾ. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ಎಂಬುದು ದರ. ಸೀರೆಯ ಬೆಲೆ ಆರು ರೂಪಾಯಿ ಎಂದಷ್ಟೇ ಹೇಳಿ ಸುಮ್ಮನಾದ ಅಂಗಡಿಕಾರ ಸುಳ್ಳನ್ನೇನೂ ಹೇಳಿರುವುದಿಲ್ಲ. ಆದರೆ ಹಾಲಿ ನಾಣ್ಯವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದ ಹೆಂಗಸು ಸೀರೆ ಹರಿಸಿಕೊಂಡ ಮೇಲೆ, ಆರು ಎಂದದ್ದು ಕಲ್ದಾರ್ ಲೆಕ್ಕ, ಇನ್ನೊಂದು ರೂಪಾಯಿ ಕೊಡು ಎಂದರೆ ಅವಳೇನು ಮಾಡಬೇಕು? ಮೊದಲೇ ತಿಳಿಸುವುದಕ್ಕೆ ಎರಡು ಶಬ್ದಗಳು ಸಾಕಾಗಿದ್ದವು. ಹೊರಗಿನಿಂದ ನಿಜಾಮನ ಸೀಮೆಗೆ ಬರುವ ಸರಕಿನ ಮೇಲೆ ನೂರಕ್ಕೆ ಐದರಂತೆ ಕರೋಡಗಿರಿ ಸುಂಕವೂ ಇತ್ತು. ಹೊಳೆ ದಾಟಿಸಿ ತಂದ ಸರಕಿಗೆ ಸುಂಕ ತಪ್ಪಿಸಿ, ಗಿರಾಕಿಯಿಂದ ಮಾತ್ರ ಸುಂಕ ಸೇರಿಸಿದ ಬೆಲೆ ವಸೂಲು ಮಾಡುವುದು ವಿರುದ್ಧರಾಜ್ಯಾತಿಕ್ರಮಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಬೇಕಿಲ್ಲ.

1948ರ ಸೆಪ್ಟೆಂಬರದಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಮುಂದಿನ ಹದಿನಾಲ್ಕು ವರ್ಷಗಳಲ್ಲಿ ಈ ಸೀಮೆಯ ಗಿರಾಕಿ ಕಂಡಷ್ಟು ಬದಲಾವಣೆಯನ್ನು ಬಹುಶಃ ಅವನ ಹಿಂದಿನ ನಾಲ್ಕು ತಲೆಮಾರು ಕಂಡಿರಲಿಕ್ಕಿಲ್ಲ. 1951ರಲ್ಲಿ ಹಾಲಿ ಸಿಕ್ಕಾ ಹೊರಡಿಸುವುದು ನಿಂತರೂ ಅದು ಪೂರ್ಣ ರದ್ದಾದದ್ದು 1959ರಲ್ಲಿ. 1956ರ ನವೆಂಬರ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಐದು ತಿಂಗಳಿಗೆ, 1957ರ ಏಪ್ರಿಲ್ 1ರಂದು, ಆಣೆ ಹೋಗಿ ನಯಾ ಪೈಸೆ ಬಂತು. ಒಂದಾಣೆಗೆ ಲೆಕ್ಕದಂತೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯವಿಲ್ಲ. ಆರು ತೆಗೆದುಕೊಳ್ಳಬೇಕೆಂಬುದು ಸರಕಾರದ ಕೋಷ್ಟಕ, ಏಳು ಕೇಳುವ ಅಂಗಡಿಯೂ ಇಲ್ಲದಿರಲಿಲ್ಲ.

ಇದರ ಬೆನ್ನಿಗೆ ತೂಕವೂ ಬದಲಾಯಿತು. 1956ರ ಕಾಯಿದೆಯಂತೆ 1958ರ ಅಕ್ಟೋಬರದಿಂದ ಹಂತಹಂತವಾಗಿ ಕಿಲೋಗ್ರಾಂ ಜಾರಿಗೆ ಬಂದು, 1962ರ ಹೊತ್ತಿಗೆ ಸೇರು, ಪಾವುಸೇರು, ಅಚ್ಛೇರುಗಳು ಕಾಯಿದೆಯ ದೃಷ್ಟಿಯಲ್ಲಿ ಇಲ್ಲವಾದವು. ಎಂಬತ್ತು ತೊಲೆಯ ಸೇರು ಸುಮಾರು 933 ಗ್ರಾಂ. ಕಿಲೋದ ಬೆಲೆ ಹೇಳಿ ಸೇರಿನ ಕಲ್ಲಿನಿಂದ ತೂಗಿದರೆ ಗಿರಾಕಿಗೆ 67 ಗ್ರಾಂ ನಷ್ಟ, ನೂರಕ್ಕೆ ಸುಮಾರು ಏಳರಷ್ಟು. ಒಂದು ಕಿಲೋ ಬೆಲ್ಲದಲ್ಲಿ ಇದು ಕಾಣುವುದಿಲ್ಲ, ವರ್ಷದ ಜೋಳದಲ್ಲಿ ಕಾಣುತ್ತದೆ. ಓದು ಬರಹವಿಲ್ಲದ ಒಕ್ಕಲಿಗನಿಗೆ ರಾಜ್ಯ, ನಾಣ್ಯ, ಆಣೆ, ತೂಕ ಎಲ್ಲವೂ ಬದಲಾದಾಗ ಬದಲಾಗದೆ ಉಳಿದದ್ದು ಅಂಗಡಿಯ ಮನುಷ್ಯ ಒಬ್ಬನೇ. ಅವನು ಹೇಳಿದ್ದೇ ದರ, ಅವನು ಇಟ್ಟದ್ದೇ ಕಲ್ಲು. ಆ ಕಾಲದ ಒಳ್ಳೆಯ ಅಂಗಡಿ ಎಂದರೆ ಮಗುವನ್ನು ಕಳಿಸಿದರೂ ಅದೇ ತೂಕ ಬರುವ ಅಂಗಡಿ.

ಕೊಳ್ಳುವ ಮಾತಿನೊಡನೆ ಮಾರುವ ಮಾತನ್ನೂ ನೋಡಬೇಕು, ಏಕೆಂದರೆ ಇಲ್ಲಿ ಇಬ್ಬರೂ ಒಬ್ಬನೇ. 1928ರ ರಾಯಲ್ ಕೃಷಿ ಆಯೋಗ ಪೇಟೆಗಳಲ್ಲಿ ರೈತನ ಹಣದಿಂದ ನಡೆಯುತ್ತಿದ್ದ ಕಡಿತಗಳನ್ನು ಎತ್ತಿ ತೋರಿಸಿತು; ಹೈದರಾಬಾದ್ ಸಂಸ್ಥಾನ 1930ರಲ್ಲಿಯೇ ಕೃಷಿ ಮಾರುಕಟ್ಟೆ ಕಾಯಿದೆ ಮಾಡಿತು. ದಲಾಲಿ, ಹಮಾಲಿ, ತೂಕದ ಕೂಲಿ, ಮಾದರಿಯ ಕಾಳು, ಇವುಗಳ ಸಾಲಿನಲ್ಲಿ ಧರ್ಮಾದಾಯವೆಂಬ ಒಂದು ಕಡಿತವೂ ಇತ್ತು. ದಾನ ಮಾಡುವ ವರ್ತಕ ದಾನದ ಹಣವನ್ನು ರೈತನ ಪಟ್ಟಿಯಿಂದ ಕಡಿದುಕೊಂಡು, ಧರ್ಮಶಾಲೆಯ ಕಲ್ಲಿನ ಮೇಲೆ ತನ್ನ ಹೆಸರನ್ನು ಕೆತ್ತಿಸುತ್ತಿದ್ದ. ಇದರಿಂದ ಜೈನ ವರ್ತಕರು ದೂರವಿದ್ದರೆಂದು ಹೇಳುವಂತಿಲ್ಲ. ಕೊಡದವನಿಂದ ಪಡೆದದ್ದು ಅದತ್ತಾದಾನ. ಅದನ್ನು ಬಸದಿಗೆ ಕೊಟ್ಟರೂ ಅದರ ಹೆಸರು ಬದಲಾಗದು.

1953ರಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆಯಲ್ಲಿ ನೀರು ಹರಿಯತೊಡಗಿದ ಮೇಲೆ ಸಿಂಧನೂರಿನ ಮುಖವೇ ಬೇರೆಯಾಯಿತು. ಜೋಳ, ಹತ್ತಿಯ ಕರಿಭೂಮಿಯಲ್ಲಿ ಭತ್ತ ಬಂತು. ಆಂಧ್ರದ ಕರಾವಳಿಯಿಂದ ಬಂದ ಕುಟುಂಬಗಳು ಕ್ಯಾಂಪುಗಳನ್ನು ಕಟ್ಟಿದವು. ಅನಂತರ ಬಂಗಾಳದ ನಿರಾಶ್ರಿತರ ಕ್ಯಾಂಪುಗಳೂ ಆದವು. ಮಾರವಾಡದಿಂದ ಬಂದ ವರ್ತಕ ಕನ್ನಡ, ಉರ್ದು, ತೆಲುಗು ಮೂರನ್ನೂ ಅಂಗಡಿಯ ಕಟ್ಟೆಯ ಮೇಲೆಯೇ ಕಲಿತ. ಗಿರಾಕಿಯ ಭಾಷೆಯಲ್ಲಿ ಬೆಲೆ ಹೇಳುವುದು ಒಂದು ಸೌಜನ್ಯವೇ ಸರಿ.

ಆದರೆ ನೀರಾವರಿ ಗಿರಾಕಿಯನ್ನು ಇನ್ನೊಂದು ಬಗೆಯಲ್ಲಿ ಕಟ್ಟಿಹಾಕಿತು. ಬೀಜ, ಗೊಬ್ಬರ, ಔಷಧಿಗಳನ್ನು ಉದ್ರಿ ಕೊಡುವ ಅಡತಿ ಅಂಗಡಿಯೇ ಸುಗ್ಗಿಯಲ್ಲಿ ಭತ್ತವನ್ನೂ ಕೊಳ್ಳುವ ವಾಡಿಕೆ ಬಲಿಯಿತು. ಸಾಲವಿರುವ ಗಿರಾಕಿ ತಕ್ಕಡಿಯನ್ನು ಇನ್ನೊಮ್ಮೆ ಎತ್ತೆನ್ನಲಾರ, ಚೀಟಿ ಕೇಳಲಾರ, ಬೇರೆ ಕಂಪನಿಯ ಮಾಲು ಬೇಕೆನ್ನಲಾರ. ನಗದು ದರವೊಂದು, ಉದ್ರಿ ದರವೊಂದು ಇರುವುದು ತಪ್ಪಲ್ಲ. ಉದ್ರಿಯ ದರವನ್ನು ಸುಗ್ಗಿಯ ದಿನ ಖಾತೆ ತೆರೆದಾಗ ಮಾತ್ರ ತಿಳಿಸುವುದು ತಪ್ಪು. 2018ರಲ್ಲಿ ಯೂರಿಯಾ ಚೀಲ 50ರಿಂದ 45 ಕಿಲೋಕ್ಕೆ ಇಳಿಯಿತು. ಚೀಲವೆಂದರೆ ಐವತ್ತು ಎಂದೇ ತಿಳಿದು ಎಕರೆಗೆ ಲೆಕ್ಕ ಹಾಕುವ ರೈತನಿಗೆ ಆ ಅಂಕಿಯನ್ನು ಬೆರಳಿಟ್ಟು ತೋರಿಸಿದರೆ ಅಂಗಡಿಕಾರನಿಗೆ ಖರ್ಚೇನೂ ಇಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಬೀಜದ ವ್ಯವಹಾರ. ಬೇಳೆಯಲ್ಲಿ ಕಲ್ಲಿದ್ದರೆ ಅಂದೇ ತಿಳಿಯುತ್ತದೆ, ಬಟ್ಟೆಯ ಬಣ್ಣ ಹೋದರೆ ಒಗೆದ ದಿನ ತಿಳಿಯುತ್ತದೆ. ಬೀಜದ ಮೋಸ ತಿಳಿಯುವುದು ಮೂರು ತಿಂಗಳ ಮೇಲೆ, ಕಾಯಿ ಕಟ್ಟದಾಗ. ಅಷ್ಟರಲ್ಲಿ ಬೀಜವೆಲ್ಲ ಮಣ್ಣು ಸೇರಿರುತ್ತದೆ, ಮಳೆಗಾಲ ಕಳೆದಿರುತ್ತದೆ, ತೋರಿಸಲು ಸಾಕ್ಷಿಯೂ ಇರುವುದಿಲ್ಲ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದ ಮೇಲೆಯೂ, ದೂರಿದ ರೈತನ ಬಳಿ ಪರೀಕ್ಷೆಗೆ ಬೀಜದ ಮಾದರಿ ಇಲ್ಲ, ಅವನು ಗ್ರಾಹಕನೇ ಅಲ್ಲ ಎಂಬ ವಾದಗಳು ನಡೆದವು. ರಾಷ್ಟ್ರೀಯ ಬೀಜ ನಿಗಮದ ಮೇಲ್ಮನವಿಯಲ್ಲಿ 2012ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ರೈತನೂ ಗ್ರಾಹಕನೇ ಎಂದು ತೀರ್ಮಾನಿಸಿತು. ಕೊಂಡ ಬೀಜವನ್ನೆಲ್ಲ ಬಿತ್ತುವ ರೈತ ಮಾದರಿಯನ್ನು ತೆಗೆದಿಟ್ಟಿರಬೇಕೆಂದು ನಿರೀಕ್ಷಿಸುವುದು ಸಲ್ಲದೆಂದೂ ಕಂಡುಕೊಂಡಿತು.

ಬಿತ್ತುವವನ ಬಳಿ ಸಾಕ್ಷಿ ಉಳಿಯುವುದಿಲ್ಲವೆಂಬುದು ನ್ಯಾಯಾಲಯ ಹೇಳುವ ಮೊದಲೂ ಪ್ರತಿಯೊಬ್ಬ ಬೀಜದ ವರ್ತಕನಿಗೆ ಗೊತ್ತಿದ್ದ ಸಂಗತಿ. ಆದ್ದರಿಂದಲೇ ರಸೀದಿಯ ಮೇಲೆ ತಳಿಯ ಹೆಸರನ್ನೂ ಲಾಟ್ ಸಂಖ್ಯೆಯನ್ನೂ ಬರೆದು ಸಹಿ ಮಾಡಿ ಕೊಡುವ ಅಂಗಡಿಗೂ, ಹರಕು ಚೀಟಿಯಲ್ಲಿ ಮೊತ್ತವನ್ನಷ್ಟೇ ಬರೆದು ಕೊಡುವ ಅಂಗಡಿಗೂ ವ್ಯತ್ಯಾಸವಿದೆ. ಮೊದಲಿನವನು ತನ್ನ ಮೇಲೆ ದೂರು ಹೂಡಲು ಬೇಕಾದ ಸಾಕ್ಷಿಯನ್ನು ತಾನೇ ಗಿರಾಕಿಯ ಕೈಗೆ ಕೊಟ್ಟಿರುತ್ತಾನೆ. ಮಸ್ಕಿ, ಲಿಂಗಸುಗೂರಿನ ಸೀಮೆಯಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಬೀಜದ ಅಂಗಡಿಯ ಮುಂದೆ ನಿಲ್ಲುವ ರೈತ ಆ ಚೀಟಿಯನ್ನು ಓದಲಾರದವನಾದರೂ, ಮಡಿಚಿ ಮುಂಡಾಸಿನ ಸುತ್ತಿನಲ್ಲಿ ಇಟ್ಟುಕೊಂಡು ಹೋಗುತ್ತಾನೆ.