ಸೈಕಲ್ ಫೋರ್ಕಿನ ಚರಿತ್ರೆ ಮತ್ತು ಒಂದು ಆಯ್ಕೆ



ಕಳೆದ ತಿಂಗಳು ಹನೂರಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಗನನ್ನು ಕರೆದುಕೊಂಡು ಮನೆಗೆ ಬಂದಿದ್ದ. ಹುಡುಗ ಪಿಯುಸಿ ಓದುತ್ತಿದ್ದಾನೆ. ರಜೆ ಬಂತೆಂದರೆ ತಾಳುಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಸೈಕಲ್ಲಿನಲ್ಲಿ ಹತ್ತಿ ಇಳಿಯುವುದು ಅವನ ಹವ್ಯಾಸ. ಆ ಮೌಂಟನ್ ಬೈಕಿನ ಮುಂದಿನ ಶಾಕ್ ಫೋರ್ಕು ಎಣ್ಣೆ ಸೋರಿ, ಸಡಿಲವಾಗಿ, ಲೊಟಲೊಟ ಎನ್ನುತ್ತಿತ್ತು. “ಮೇಷ್ಟ್ರೇ, ವೆಲ್ಡಿಂಗ್ ಹಾಕಿಸಿ ಅಲ್ಲಾಡದ ಹಾಗೆ ಮಾಡಿಸಿಬಿಡೋಣ ಅಂತ ನಾನು. ಹೊಸದು, ಅದೂ ಎಲ್ಲಕ್ಕಿಂತ ಉದ್ದದ್ದೇ ಬೇಕು ಅಂತ ಇವನು. ನೀವೇ ಹೇಳಿ” ಎಂದ.

ವೆಲ್ಡಿಂಗ್ ಎಂಬ ಮಾತು ಕೇಳಿ ನನ್ನ ಮನಸ್ಸು 1975ಕ್ಕೆ ಓಡಿತು. ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, ಅಂದರೆ 1956ಕ್ಕೆ ಮುಂಚೆ, ನಮ್ಮ ತಂದೆಯವರು ಕೊಂಡ ಹರ್ಕ್ಯುಲಿಸ್ ಸೈಕಲ್ ನಮ್ಮಲ್ಲಿತ್ತು. ನಾನು ಅದನ್ನು ಎತ್ತಿನ ಗಾಡಿಗೆ ಗುದ್ದಿ ಫೋರ್ಕು ಬಾಗಿಸಿದೆ. ತಂದೆಯವರಿಗೆ ತಿಳಿಯಬಾರದೆಂದು, ಹೊಸದಕ್ಕೆ ಹಣವಿಲ್ಲದೆ, ಬೆಂಕಿಯಲ್ಲಿ ಕಾಯಿಸಿ ನೇರ ಮಾಡಿಸಿದೆ. ಮೂರನೆಯ ವಾರ ಸತ್ತೇಗಾಲದ ದಾರಿಯಲ್ಲಿ ಅದು ಮುರಿಯಿತು. ಅಂದು ಸವಾರಿ ಮಾಡುತ್ತಿದ್ದವನು ನಾನಲ್ಲ, ನನ್ನ ತಮ್ಮ. ಅವನ ಗಲ್ಲದ ಮೇಲಿನ ಗಾಯದ ಗುರುತನ್ನು ಬಂಧುಗಳೆಲ್ಲ ನೋಡಿದ್ದೀರಿ. ಅದರ ಕಾರಣವನ್ನು ಇಂದು ಮೊದಲ ಬಾರಿಗೆ ಬರೆಯುತ್ತಿದ್ದೇನೆ.

ಫೋರ್ಕಿಗೆ ಒಂದು ಚರಿತ್ರೆಯಿದೆ. ಗಾಳಿ ತುಂಬಿದ ಟೈರು ಬರುವ ಮೊದಲು ಸೈಕಲ್ ಸವಾರಿ ಎಂದರೆ ಎಲುಬು ಕುಲುಕುವ ಶಿಕ್ಷೆ. 1885ರಲ್ಲಿಯೇ ಇಂಗ್ಲೆಂಡಿನಲ್ಲಿ ‘ವಿಪೆಟ್’ ಎಂಬ ಸ್ಪ್ರಿಂಗ್ ಚೌಕಟ್ಟಿನ ಸೈಕಲ್ ಬಂದಿತ್ತು. 1888ರಲ್ಲಿ ಡನ್‌ಲಪ್ ಗಾಳಿಯ ಟೈರನ್ನು ರೂಪಿಸಿದ ಮೇಲೆ ಸ್ಪ್ರಿಂಗುಗಳು ಹಿಂದೆ ಸರಿದವು. ನಮ್ಮ ಹಳೆಯ ಸೈಕಲ್ಲುಗಳ ಫೋರ್ಕು ತುದಿಯಲ್ಲಿ ಮುಂದಕ್ಕೆ ಬಾಗಿರುತ್ತಿತ್ತಲ್ಲ, ಆ ಬಾಗಿನ ಅಲ್ಪ ಸ್ಥಿತಿಸ್ಥಾಪಕತೆಯೇ ನಮಗಿದ್ದ ‘ಶಾಕ್’.

ಒಂದರೊಳಗೊಂದು ಜಾರುವ ಕೊಳವೆ ಮತ್ತು ಎಣ್ಣೆಯ ಫೋರ್ಕನ್ನು 1935ರಲ್ಲಿ ಬಿಎಂಡಬ್ಲ್ಯು ತನ್ನ ಮೋಟಾರ್ ಸೈಕಲ್ಲಿಗೆ ಅಳವಡಿಸಿತು. ನಮ್ಮ ಭಾಗದವರು ಅದನ್ನು ಹತ್ತಿರದಿಂದ ಕಂಡದ್ದು 1961ರಿಂದ ಮೈಸೂರಿನಲ್ಲಿ ತಯಾರಾದ ಜಾವಾ, ಅನಂತರದ ಯೆಜ್ಡಿಗಳಲ್ಲಿ. ಇತ್ತ 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ತರುಣರು ಹಳೆಯ ಸೈಕಲ್ಲುಗಳನ್ನು ಬೆಟ್ಟದಿಂದ ಇಳಿಸತೊಡಗಿದರು. ಒಂದು ಇಳಿಜಾರಿನಲ್ಲಿ ಬ್ರೇಕು ಕಾದು ಗ್ರೀಸೆಲ್ಲ ಉರಿದು, ಪ್ರತಿಸಲ ಮರಳಿ ತುಂಬಬೇಕಾಗುತ್ತಿದ್ದುದರಿಂದ ಆ ದಾರಿಗೆ ‘ರೀಪ್ಯಾಕ್’ ಎಂದೇ ಹೆಸರಾಯಿತು. ಮೋಟಾರ್ ಸೈಕಲ್ಲುಗಳ ಅನುಭವವಿದ್ದ ಪಾಲ್ ಟರ್ನರ್ ಎಂಬಾತ ಗಾಳಿ ಮತ್ತು ಎಣ್ಣೆಯ ಫೋರ್ಕನ್ನು ಸೈಕಲ್ಲಿಗೆ ತಂದ, ಅದೇ ರಾಕ್‌ಶಾಕ್ಸ್. 1990ರ ವಿಶ್ವ ಸ್ಪರ್ಧೆಯಲ್ಲಿ ಗ್ರೆಗ್ ಹರ್ಬೋಲ್ಡ್ ಅದನ್ನು ಬಳಸಿ ಇಳಿಜಾರಿನ ಓಟದಲ್ಲಿ ಗೆದ್ದ ಮೇಲೆ ಜಗತ್ತು ನಂಬಿತು.

ಇನ್ನು ಆಯ್ಕೆಯ ವಿಚಾರ. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಳತೆ ಪಟ್ಟಿ ಹಿಡಿದೆ. ಚಕ್ರ 26 ಇಂಚು, ಈಗ 27.5 ಮತ್ತು 29 ಇಂಚಿನವೇ ಹೆಚ್ಚು, ಹಾಗಾಗಿ ಹುಡುಕುವುದು ಸ್ವಲ್ಪ ಕಷ್ಟ. ಹ್ಯಾಂಡಲ್ಲಿಗೆ ಏರುವ ಕೊಳವೆ ಒಂದೂಕಾಲಿಗಿಂತ ಕಡಿಮೆ, ಒಂದು ಮತ್ತು ಎಂಟನೆಯ ಒಂದು ಇಂಚು, ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪ. ಬುಡದಲ್ಲಿ ದಪ್ಪವಾಗುವ ಹೊಸ ಮಾದರಿ ಇದಕ್ಕೆ ಕೂರದು. ಬ್ರೇಕು ಡಿಸ್ಕ್, ಆದ್ದರಿಂದ ಡಿಸ್ಕಿನ ಕ್ಯಾಲಿಪರ್ ಕೂರಿಸಲು ಜಾಗವಿರಬೇಕು. ಗಾಲಿಯ ಆಕ್ಸಲ್ 9 ಮಿಲಿಮೀಟರಿನದು. 15 ಮಿಲಿಮೀಟರಿನ ಫೋರ್ಕು ತಂದರೆ ಹಬ್ಬನ್ನೂ ಬದಲಿಸಬೇಕು.

ಕೊನೆಯದು ಮುಖ್ಯವಾದದ್ದು. ಅವನ ಚೌಕಟ್ಟು 80 ಮಿಲಿಮೀಟರ್ ಕುಗ್ಗುವ ಫೋರ್ಕಿಗಾಗಿ ಮಾಡಿದ್ದು. ಅವನು ಬಯಸಿದ್ದು 120. ಆಗ ಸೈಕಲ್ಲಿನ ಮುಂಭಾಗ 40 ಮಿಲಿಮೀಟರ್ ಮೇಲೇಳುತ್ತದೆ. ಹೆಚ್ಚುಕಡಿಮೆ ಎರಡು ಡಿಗ್ರಿ ಹಿಂದಕ್ಕೆ ಮಲಗಿ, ಏರಿನಲ್ಲಿ ಹ್ಯಾಂಡಲ್ ಅತ್ತಿತ್ತ ಅಲೆಯುತ್ತದೆ. ಸನ್ನೆಕೋಲು ಉದ್ದವಾದಷ್ಟೂ ಚೌಕಟ್ಟಿನ ಕತ್ತಿನ ಮೇಲೆ ಒತ್ತಡ ಹೆಚ್ಚು. “ಎಂಟನೆಯ ತರಗತಿಯಲ್ಲಿ ಓದಿದ ಸನ್ನೆಕೋಲಿನ ಪಾಠವೇ ಇದು” ಎಂದಾಗ ತಂದೆಯೂ ಮಗನೂ ನಕ್ಕರು.

ಸ್ಪ್ರಿಂಗಿನದೋ ಗಾಳಿಯದೋ ಎಂಬ ಪ್ರಶ್ನೆ ಉಳಿಯಿತು. ಗಾಳಿಯದು ಹಗುರ, ಸವಾರನ ತೂಕಕ್ಕೆ ತಕ್ಕಂತೆ ಹೊಂದಿಸಬಹುದು. ಆದರೆ ಬೇರೆಯೇ ಪಂಪು ಬೇಕು, ಸೀಲುಗಳ ಆರೈಕೆಯೂ ಬೇಕು. ಸ್ಪ್ರಿಂಗಿನದು ಭಾರ, ಬೆಲೆ ಕಡಿಮೆ, ತಂಟೆ ಕಡಿಮೆ. ಮನೆಯ ಸ್ಥಿತಿಗತಿ ನೋಡಿ ಎಣ್ಣೆಯ ನಿಯಂತ್ರಣವಿರುವ 80ರ ಸ್ಪ್ರಿಂಗ್ ಫೋರ್ಕೆಂದು ತೀರ್ಮಾನವಾಯಿತು. ಉಳಿದ ಹಣದಲ್ಲಿ ಹೊಸ ಬ್ರೇಕ್ ಪ್ಯಾಡು, ಒಂದು ಒಳ್ಳೆಯ ಹೆಲ್ಮೆಟ್ಟು.

ಹೊರಡುವಾಗ ಹುಡುಗ, “ತಾತ, ನಿಮ್ಮ ತಮ್ಮನವರಿಗೆ ಫೋರ್ಕಿನ ವಿಷಯ ಗೊತ್ತಾ?” ಎಂದು ಕೇಳಿದ. ಆ ರಾತ್ರಿಯೇ ತಮ್ಮನಿಗೆ ಫೋನು ಮಾಡಿದೆ. ಅವನು, “ಅಣ್ಣ, ಫೋರ್ಕಿನ ಮೇಲೆ ಕಾಯಿಸಿದ ಕಪ್ಪು ಗುರುತನ್ನು ನಾನು ಅವತ್ತೇ ನೋಡಿದ್ದೆ. ಅಪ್ಪ ನಿನ್ನನ್ನು ಹೊಡೀತಾರೆ ಅಂತ ಸುಮ್ಮನಿದ್ದೆ” ಎಂದ.

ಐವತ್ತು ವರ್ಷ ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನಿಮ್ಮ ಮಕ್ಕಳ ಸೈಕಲ್ಲುಗಳ ಫೋರ್ಕನ್ನು ಒಮ್ಮೆ ನೋಡಿರೆಂದು ಎಲ್ಲರಲ್ಲಿ ವಿನಂತಿ.